ಸಿಗಡಿ ಚಿಪ್ಪು, ಅಡಿಕೆ ಸಿಪ್ಪೆ ಮತ್ತು ಅಯಾನಿಕ ದ್ರವ

ಪ್ರಶ್ನೆ: ಅಯಾನಿಕ ದ್ರವಗಳು ಆವಿಯಾಗುವುದಿಲ್ಲವಾದ್ದರಿಂದ ಅವು ಪರಿಸರಸ್ನೇಹಿ ದ್ರಾವಕಗಳು ಎಂದು ಓದಿದ್ದೇನೆ. ಹಾಗಿದ್ದಲ್ಲಿ ಕಾರವಾರ ಬಂದರಿನ ಸಿಗಡಿ, ಏಡಿಗಳ ಚಿಪ್ಪನ್ನೂ ಶಿರಸಿ ಕಡೆಯ ಅಡಿಕೆ ಸಿಪ್ಪೆಯನ್ನೂ ಅವುಗಳಲ್ಲಿ ಕರಗಿಸಿ ಬೆಲೆಬಾಳುವ ವಸ್ತು ತಯಾರಿಸಲು ಅಡ್ಡಿಯೇನು?

ಉತ್ತರ: ಕರಗಿಸಲು ಅಡ್ಡಿಯಿಲ್ಲ. ಚಿಪ್ಪಿನೊಳಗಿನ ಕೈಟಿನ್ ಮತ್ತು ಸಸ್ಯದ ನಾರಿನ ಸೆಲ್ಯುಲೋಸ್ ಎರಡೂ ಅಯಾನಿಕ ದ್ರವಗಳಲ್ಲಿ ಕರಗುತ್ತವೆ ಎಂಬುದು ಪ್ರಯೋಗಾಲಯಗಳಲ್ಲಿ ಸಿದ್ಧವಾದ ಸಂಗತಿ. ತೊಡಕಿರುವುದು ಕರಗಿಸಿದ ನಂತರ ಆ ದ್ರವವನ್ನು ಮರಳಿ ಪಡೆಯುವಲ್ಲಿ. ಆವಿಯಾಗದಿರುವ ಗುಣ ಗಾಳಿಯನ್ನು ಕಾಪಾಡುತ್ತದೆಯೇ ಹೊರತು ನೀರನ್ನಲ್ಲ. ಹಲವು ಅಯಾನಿಕ ದ್ರವಗಳು ನೀರಿನಲ್ಲಿ ಸಲೀಸಾಗಿ ಬೆರೆಯುವುದರಿಂದ, ಕಾರವಾರದ ಬೈತಖೋಲದಂಥ ಬಂದರಿನ ಪಕ್ಕದಲ್ಲಿ ಕಾರ್ಖಾನೆ ಕಟ್ಟುವವರು ಮೊದಲು ಯೋಚಿಸಬೇಕಾದದ್ದು ಚಿಮಣಿಯ ಬಗ್ಗೆ ಅಲ್ಲ, ಚರಂಡಿಯ ಬಗ್ಗೆ.

ಅಯಾನಿಕ ದ್ರವವೆಂದರೆ ದ್ರವರೂಪದ ಲವಣ. ಅಡುಗೆ ಉಪ್ಪು ಕರಗಿ ದ್ರವವಾಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಏಕೆಂದರೆ ಅದರ ಚಿಕ್ಕ, ದುಂಡನೆಯ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡು ಹರಳಾಗಿರುತ್ತವೆ. ಧನ ಅಯಾನು ದೊಡ್ಡದಾಗಿ, ಓರೆಕೋರೆಯಾಗಿ, ತನ್ನ ವಿದ್ಯುದಂಶವನ್ನು ಅಗಲಕ್ಕೆ ಹರಡಿಕೊಂಡಿದ್ದರೆ ಅಂಥ ಬಿಗಿ ಜೋಡಣೆ ಸಾಧ್ಯವಾಗುವುದಿಲ್ಲ, ಆಗ ಲವಣ ತೀರ ಕಡಿಮೆ ಉಷ್ಣತೆಯಲ್ಲಿಯೇ ದ್ರವವಾಗುತ್ತದೆ. 100 ಡಿಗ್ರಿಗಿಂತ ಕೆಳಗೆ ಕರಗುವ ಲವಣಗಳನ್ನು ಈ ಗುಂಪಿಗೆ ಸೇರಿಸುವುದು ವಾಡಿಕೆ. 1914ರಲ್ಲಿ ಪಾಲ್ ವಾಲ್ಡನ್ ವರದಿ ಮಾಡಿದ ಈಥೈಲ್ ಅಮೋನಿಯಂ ನೈಟ್ರೇಟ್ ಸುಮಾರು 12 ಡಿಗ್ರಿಯಲ್ಲಿಯೇ ಕರಗುತ್ತಿತ್ತು. ಗಾಳಿ ಮತ್ತು ತೇವವನ್ನು ತಾಳಿಕೊಳ್ಳುವ ಇಮಿಡಜೋಲಿಯಂ (ಸಾರಜನಕವಿರುವ ಉಂಗುರಾಕಾರದ ಧನ ಅಯಾನು) ಲವಣಗಳು 1992ರಲ್ಲಿ ಬಂದ ಮೇಲೆ ಸಂಶೋಧನೆ ವೇಗ ಪಡೆಯಿತು. 2002ರಲ್ಲಿ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ರಾಬಿನ್ ರೋಜರ್ಸ್ ಅವರ ತಂಡ ಇಂಥ ಒಂದು ಕ್ಲೋರೈಡ್ ಲವಣದಲ್ಲಿ ಸೆಲ್ಯುಲೋಸನ್ನು ನೇರವಾಗಿ ಕರಗಿಸಿ ತೋರಿಸಿತು. ಅದೇ ತಂಡ 2010ರಲ್ಲಿ ಸಿಗಡಿ ಮತ್ತು ಏಡಿಯ ಚಿಪ್ಪಿನಿಂದ ಕೈಟಿನ್ ತೆಗೆದ ವಿವರವನ್ನು ಪ್ರಕಟಿಸಿತು.

ಚಿಪ್ಪಿನ ವಿಷಯದಲ್ಲಿ ಈ ಕ್ರಮಕ್ಕೆ ನಿಜವಾದ ಆಕರ್ಷಣೆಯಿದೆ. ಚಿಪ್ಪಿನಲ್ಲಿ ಕೈಟಿನ್ ಜೊತೆಗೆ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್ ಹೆಣೆದುಕೊಂಡಿವೆ. ರೂಢಿಯ ವಿಧಾನದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಿಂದ ಸುಣ್ಣದಂಶವನ್ನೂ ಕಾಸ್ಟಿಕ್ ಸೋಡಾದಿಂದ ಪ್ರೋಟೀನನ್ನೂ ತೆಗೆಯುತ್ತಾರೆ. ಇದರಿಂದ ಉಪ್ಪು ತುಂಬಿದ ಕೊಳೆನೀರು ಹೇರಳವಾಗಿ ಹೊರಬರುತ್ತದೆ, ಜೊತೆಗೆ ಆಮ್ಲವು ಕೈಟಿನ್‌ನ ಉದ್ದನೆಯ ಅಣುಸರಪಳಿಯನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಇದರ ಬದಲು ಒಣಗಿಸಿ ಪುಡಿ ಮಾಡಿದ ಚಿಪ್ಪನ್ನು ಇಮಿಡಜೋಲಿಯಂ ಅಸಿಟೇಟ್ ದ್ರವದಲ್ಲಿ ಬಿಸಿ ಮಾಡಿದರೆ, ಅಸಿಟೇಟ್ ಅಯಾನುಗಳು ಕೈಟಿನ್ ಸರಪಳಿಗಳ ನಡುವಣ ಹೈಡ್ರೋಜನ್ ಬಂಧಗಳನ್ನು ಬಿಡಿಸಿ ಅದನ್ನು ಕರಗಿಸುತ್ತವೆ. ಕರಗದೆ ಉಳಿದದ್ದನ್ನು ಸೋಸಿ, ದ್ರಾವಣವನ್ನು ನೀರಿಗೆ ಸುರಿದರೆ ಕೈಟಿನ್ ಗಟ್ಟಿಯಾಗಿ ಬೇರ್ಪಡುತ್ತದೆ. ಸರಪಳಿ ಉದ್ದವಾಗಿ ಉಳಿಯುವುದರಿಂದ ಇದನ್ನು ನೂಲಾಗಿ, ಹಾಳೆಯಾಗಿ ಎಳೆಯಬಹುದು. ವೈದ್ಯಕೀಯ ಬಳಕೆಗೆ ಇಂಥ ಕೈಟಿನ್ ಹೆಚ್ಚು ಉಪಯುಕ್ತ.

ಈಗ ಲೆಕ್ಕಕ್ಕೆ ಬರೋಣ. ದ್ರಾವಣದಲ್ಲಿ ಕೈಟಿನ್ ಪ್ರಮಾಣ ಶೇ 5 ಎಂದು ಇಟ್ಟುಕೊಂಡರೆ, ಒಂದು ಕೆ.ಜಿ. ಕೈಟಿನ್‌ಗೆ ಸುಮಾರು 20 ಕೆ.ಜಿ. ದ್ರವ ಬೇಕು. ಅದರಲ್ಲಿ ಶೇ 99ರಷ್ಟನ್ನು ಮರಳಿ ಪಡೆದೆವೆಂದರೂ ಪ್ರತಿ ಕೆ.ಜಿ. ಕೈಟಿನ್‌ಗೆ 200 ಗ್ರಾಂ ದ್ರವ ನಷ್ಟ. ಶೇ 95 ಮಾತ್ರ ಮರಳಿದರೆ ಒಂದು ಕೆ.ಜಿ. ಕೈಟಿನ್‌ಗೆ ಒಂದು ಕೆ.ಜಿ. ದ್ರವವೇ ಹೋದಂತಾಯಿತು. ಇನ್ನು ಶಕ್ತಿಯ ಖರ್ಚು. ಕೈಟಿನ್ ಬೇರ್ಪಡಿಸಲು 20 ಕೆ.ಜಿ. ನೀರು ಬೆರೆಸಿದ್ದೇವೆ ಎನ್ನಿ. ಅದನ್ನು ಆವಿ ಮಾಡಿ ತೆಗೆಯದೆ ದ್ರವ ಮತ್ತೆ ಕೆಲಸಕ್ಕೆ ಬಾರದು. ನೀರನ್ನು ಕುದಿಬಿಂದುವಿಗೆ ತರುವ ಶಾಖವನ್ನು ಬಿಟ್ಟರೂ ಕೇವಲ ಆವಿಯಾಗಿಸಲು ಸುಮಾರು 45 ಮೆಗಾಜೂಲ್ ಬೇಕು, ಒಂದು ಕೆ.ಜಿ. ಅಡುಗೆ ಅನಿಲ ಉರಿದಾಗ ದೊರೆಯುವ ಶಾಖ ಹೆಚ್ಚುಕಡಿಮೆ ಇಷ್ಟೇ. ಆವಿಯ ಶಾಖವನ್ನೇ ಮರುಬಳಸುವ ಬಹುಹಂತದ ಯಂತ್ರಗಳಿಂದ ಈ ಖರ್ಚನ್ನು ಇಳಿಸಬಹುದು, ಆದರೆ ಅವು ಸಣ್ಣ ಘಟಕದ ಕೈಗೆಟುಕುವ ಬೆಲೆಯವಲ್ಲ.

ಕರಾವಳಿಯಲ್ಲಿ ಇದಕ್ಕೊಂದು ಸ್ಥಳೀಯ ತೊಡಕೂ ಸೇರಿಕೊಳ್ಳುತ್ತದೆ. ಅಸಿಟೇಟ್ ದ್ರವಗಳು ಗಾಳಿಯ ತೇವವನ್ನು ಹೀರುತ್ತವೆ. ಹಾಗೆ ಒಳಸೇರಿದ ನೀರು ಅಸಿಟೇಟ್ ಅಯಾನನ್ನು ತಾನೇ ಹಿಡಿದುಕೊಳ್ಳುವುದರಿಂದ ಕೈಟಿನ್ ಕರಗಿಸುವ ಶಕ್ತಿ ಕುಂದುತ್ತದೆ. ಆಷಾಢದ ಮಳೆಯಲ್ಲಿ ಬಟ್ಟೆಯೇ ಒಣಗದ ಕಾರವಾರ, ಅಂಕೋಲೆಗಳಲ್ಲಿ ತೆರೆದ ಪಾತ್ರೆಯಲ್ಲಿ ಈ ಕೆಲಸ ನಡೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಕಾರಣ ಆ ಅವಧಿಯಲ್ಲಿ ಚಿಪ್ಪಿನ ಆವಕವೂ ಇಳಿದಿರುತ್ತದೆ ಎಂಬುದೊಂದು ಸಮಾಧಾನ. ಆದರೆ ಉಳಿದ ಕಾಲದಲ್ಲಿಯೂ ಹಸಿ ಚಿಪ್ಪನ್ನು ಕೊಳೆಯುವ ಮೊದಲೇ ಒಣಗಿಸುವ ವ್ಯವಸ್ಥೆಯಿಲ್ಲದೆ ಮುಂದಿನ ಮಾತು ಆಡುವಂತಿಲ್ಲ.

‘ಪರಿಸರಸ್ನೇಹಿ’ ಎಂಬ ಹಣೆಪಟ್ಟಿಯನ್ನು ಇಡೀ ಗುಂಪಿಗೆ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಅಯಾನುಗಳನ್ನು ಬದಲಿಸಿದಂತೆ ಗುಣವೂ ಬದಲಾಗುತ್ತದೆ. ಹಿಂದೆ ಬಹಳ ಬಳಕೆಯಲ್ಲಿದ್ದ ಹೆಕ್ಸಾಫ್ಲೋರೋಫಾಸ್ಫೇಟ್ ಲವಣವೊಂದು ನೀರಿನ ಸಂಪರ್ಕದಲ್ಲಿ ಒಡೆದು ಹೈಡ್ರೋಫ್ಲೋರಿಕ್ ಆಮ್ಲವನ್ನು ಬಿಡುತ್ತದೆಂದು 2003ರಲ್ಲಿಯೇ ರೋಜರ್ಸ್ ಅವರ ತಂಡ ಎಚ್ಚರಿಸಿತ್ತು. ಇಮಿಡಜೋಲಿಯಂಗೆ ಅಂಟಿದ ಇಂಗಾಲದ ಬಾಲ ಉದ್ದವಾದಷ್ಟೂ ಜಲಚರಗಳಿಗೆ ಅದರ ವಿಷ ಹೆಚ್ಚು. ಎಂಟು ಇಂಗಾಲದ ಬಾಲವುಳ್ಳ ಇಂಥದೇ ಅಣು ಇಂಗ್ಲೆಂಡಿನಲ್ಲಿ ಕಸ ಹುಗಿಯುವ ಜಾಗವೊಂದರ ಸಮೀಪದ ಮಣ್ಣಿನಲ್ಲಿ ಪತ್ತೆಯಾದದ್ದು 2018ರಲ್ಲಿ ವರದಿಯಾಗಿದೆ. ಕಾಳಿ, ಅಘನಾಶಿನಿಗಳ ಅಳಿವೆಯಲ್ಲಿ ಚಿಪ್ಪಿಕಲ್ಲು ಆಯ್ದು ಬದುಕುವ ಕುಟುಂಬಗಳಿರುವಾಗ ಈ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳುವಂತಿಲ್ಲ.

ಉದ್ಯಮದಲ್ಲಿ ಗೆದ್ದ ಉದಾಹರಣೆಗಳನ್ನು ನೋಡಿದರೆ ಗೆಲುವಿನ ಕಾರಣವೂ ತಿಳಿಯುತ್ತದೆ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 2002ರ ಸುಮಾರಿಗೆ ಆರಂಭಿಸಿದ ಪ್ರಕ್ರಿಯೆಯಲ್ಲಿ, ಹೊರಬರುವ ಆಮ್ಲವನ್ನು ಮೀಥೈಲ್ ಇಮಿಡಜೋಲ್ ಹೀರಿ ಅಯಾನಿಕ ದ್ರವವಾಗುತ್ತದೆ ಮತ್ತು ಉತ್ಪನ್ನದಿಂದ ತಾನಾಗಿಯೇ ಬೇರೆಯಾಗಿ ತಳದಲ್ಲಿ ಪದರವಾಗಿ ನಿಲ್ಲುತ್ತದೆ. 2021ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಶೆವ್ರಾನ್ ಸಂಸ್ಕರಣಾಗಾರದಲ್ಲಿ ಪೆಟ್ರೋಲಿನ ಘಟಕವೊಂದನ್ನು ತಯಾರಿಸಲು ಅಪಾಯಕಾರಿ ಹೈಡ್ರೋಫ್ಲೋರಿಕ್ ಆಮ್ಲದ ಬದಲು ಅಯಾನಿಕ ದ್ರವ ಬಂದಾಗಲೂ, ಅದು ತೈಲದೊಂದಿಗೆ ಬೆರೆಯದು ಎಂಬುದು ದೊಡ್ಡ ಅನುಕೂಲವಾಗಿತ್ತು. ಎರಡೂ ಕಡೆ ದ್ರವವನ್ನು ಉತ್ಪನ್ನದಿಂದ ಬೇರ್ಪಡಿಸಲು ನೀರು ಕುದಿಸುವ ಪ್ರಮೇಯವಿರಲಿಲ್ಲ.

ಅಡಿಕೆ ಸಿಪ್ಪೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಅಭಿವೃದ್ಧಿಪಡಿಸಿದ ಕ್ರಮದಲ್ಲಿ ಟ್ರೈಈಥೈಲ್ ಅಮೋನಿಯಂ ಹೈಡ್ರೋಜನ್ ಸಲ್ಫೇಟ್ ಎಂಬ ಅಗ್ಗದ ದ್ರವವನ್ನು ಬಳಸುತ್ತಾರೆ. ದೊಡ್ಡ ಪ್ರಮಾಣದಲ್ಲಿ ತಯಾರಿಸಿದರೆ ಕೆ.ಜಿ.ಗೆ ಸುಮಾರು 1.24 ಡಾಲರ್ ಆದೀತೆಂದು 2014–15ರ ಹೊತ್ತಿಗೆ ಅಂದಾಜಿಸಲಾಗಿತ್ತು. ಇದು ಸೆಲ್ಯುಲೋಸನ್ನು ಕರಗಿಸುವುದಿಲ್ಲ. ನಾರನ್ನು ಬೆಸೆದಿರುವ ಲಿಗ್ನಿನನ್ನು ಕರಗಿಸಿ ಸೆಲ್ಯುಲೋಸನ್ನು ತಿರುಳಾಗಿ ಉಳಿಸುತ್ತದೆ. ಇನ್ನೂ ಮುಖ್ಯವಾಗಿ, ದ್ರವದಲ್ಲಿ ಶೇ 20ರಷ್ಟು ನೀರಿದ್ದರೂ ಕೆಲಸ ನಡೆಯುತ್ತದೆ, ಆದ್ದರಿಂದ ಮಲೆನಾಡಿನ ತೇವಕ್ಕೆ ಹೆದರಬೇಕಿಲ್ಲ ಮತ್ತು ಮರುಬಳಕೆಗೆ ಮುನ್ನ ನೀರನ್ನು ಪೂರ್ತಿ ಹೊರಹಾಕಬೇಕಿಲ್ಲ. ಚಾಲಿ ಅಡಿಕೆಯನ್ನು ಅಂಗಳದಲ್ಲಿ ಇಡಿಯಾಗಿ ಒಣಗಿಸಿ ಸುಲಿಯುವುದರಿಂದ ಅದರ ಸಿಪ್ಪೆ ಬಿಸಿಲಿನ ಖರ್ಚಿನಲ್ಲಿಯೇ ಒಣಗಿ ಬಂದಿರುತ್ತದೆ. ಕೆಂಪಡಿಕೆಗೆ ಸುಲಿದ ಹಸಿ ಸಿಪ್ಪೆಗೆ ಈ ಅನುಕೂಲವಿಲ್ಲ.

ಇದೇ ಅಗ್ಗದ ದ್ರವವನ್ನು ಸಿಗಡಿ ಚಿಪ್ಪಿಗೂ ಬಳಸೋಣವೆಂದರೆ ಆಗದು. ಅದು ಆಮ್ಲೀಯವಾದ್ದರಿಂದ ಚಿಪ್ಪಿನ ಸುಣ್ಣದಂಶದೊಂದಿಗೆ ವರ್ತಿಸಿ ಜಿಪ್ಸಂ ಆಗಿ ಮುಗಿದುಹೋಗುತ್ತದೆ. ಕೋಳಿ ಆಹಾರದಲ್ಲಿ ಬಳಸುವ ಕೋಲೀನ್ ಕ್ಲೋರೈಡಿಗೆ ಲ್ಯಾಕ್ಟಿಕ್ ಆಮ್ಲ ಬೆರೆಸಿದ ಮಿಶ್ರದ್ರಾವಕಗಳಿಗೂ ಇದೇ ಮಿತಿಯಿದೆ: ಕೋಲೀನ್ ಭಾಗ ಮರಳಿ ಸಿಕ್ಕರೂ ಆಮ್ಲದ ಭಾಗ ಪ್ರತಿ ಸಲವೂ ಹೊಸದಾಗಿ ಬೇಕು.

ಆದ್ದರಿಂದ ಜಿಲ್ಲೆಯ ಯಾವುದಾದರೂ ಕಾಲೇಜಿನ ರಸಾಯನಶಾಸ್ತ್ರ ವಿಭಾಗ ಆಸಕ್ತಿ ವಹಿಸುವುದಾದರೆ ಚಾಲಿ ಸಿಪ್ಪೆಯಿಂದ ಆರಂಭಿಸುವುದು ಸೂಕ್ತ. ಟ್ರೈಈಥೈಲ್ ಅಮೈನ್ ಮತ್ತು ಗಂಧಕಾಮ್ಲ ಬೆರೆಯುವಾಗ ತೀವ್ರ ಶಾಖ ಹೊಮ್ಮುವುದರಿಂದ ಅದು ತರಬೇತಿ ಪಡೆದವರ ಮೇಲ್ವಿಚಾರಣೆಯಲ್ಲಿಯೇ ಆಗಬೇಕು. ಎಷ್ಟು ತಿರುಳು ಬಂತೆಂದು ತೂಗುವುದರ ಜೊತೆಗೆ, ಒಂದೇ ದ್ರವವನ್ನು ಮತ್ತೆ ಮತ್ತೆ ಬಳಸಿ ಪ್ರತಿ ಸುತ್ತಿನಲ್ಲಿ ಎಷ್ಟು ಮರಳಿತು, ತೊಳೆದ ನೀರಿನಲ್ಲಿ ಎಷ್ಟು ಉಳಿಯಿತು ಎಂಬುದನ್ನೂ ಅಳೆದು ದಾಖಲಿಸಿದರೆ, ಘಟಕ ಸ್ಥಾಪಿಸಬೇಕೇ ಬೇಡವೇ ಎಂದು ನಿರ್ಧರಿಸುವ ಸಹಕಾರಿ ಸಂಘಕ್ಕೆ ಅದೇ ಮುಖ್ಯ ಆಧಾರವಾಗುತ್ತದೆ.