ಝೀರೋ ವೇಸ್ಟ್ ಮದುವೆ ಎಂದರೇನು?

ಮದುವೆಯ ಕಸದಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಸದ ಗುಡ್ಡಕ್ಕೋ ಬೆಂಕಿಗೋ ಹೋಗದೆ ಗೊಬ್ಬರ, ಮೇವು ಅಥವಾ ಮರುಬಳಕೆಯ ಸರಕು ಆಗುವಂತೆ ಮೊದಲೇ ಏರ್ಪಾಟು ಮಾಡಿಕೊಂಡು ನಡೆಸುವ ಮದುವೆಯೇ ಝೀರೋ ವೇಸ್ಟ್ ಮದುವೆ. ಕಸವೇ ಹುಟ್ಟದ ಮದುವೆ ಎಂದು ಇದರ ಅರ್ಥವಲ್ಲ. ಐನೂರು ಜನ ಉಂಡ ಮೇಲೆ ಐನೂರು ಎಂಜಲೆಲೆ ಉಳಿದೇ ಉಳಿಯುತ್ತದೆ. ಒಟ್ಟು ತೂಕದಲ್ಲಿ ಶೇ. 90ರಷ್ಟಾದರೂ ಹೂಳುವ, ಸುಡುವ ದಾರಿಯಿಂದ ಪಾರಾದರೆ ಅದನ್ನು ಝೀರೋ ವೇಸ್ಟ್ ಎಂದು ಕರೆಯುವುದು ಈ ಕ್ಷೇತ್ರದ ವಾಡಿಕೆ.

ತೊಂಬತ್ತು ಎಂದಾಕ್ಷಣ ಹೆದರಬೇಕಿಲ್ಲ. ಮದುವೆಮನೆಯ ಕಸದಲ್ಲಿ ತೂಕವಿರುವುದು ಎಲೆ, ಅನ್ನ, ತರಕಾರಿ ಸಿಪ್ಪೆ, ಹೂವು, ತೆಂಗಿನಚಿಪ್ಪಿಗೆ. ಎಲ್ಲವೂ ಮಣ್ಣಿಗೆ ಸೇರುವಂಥವು. ಪ್ಲಾಸ್ಟಿಕ್ಕಿನದು ಗಾತ್ರ ದೊಡ್ಡದು, ತೂಕ ಕಡಿಮೆ. ಆದರೆ ಆ ಹಗುರವಾದ ಪ್ಲಾಸ್ಟಿಕ್ ಹಸಿ ಕಸದೊಳಗೆ ಬೆರೆತರೆ ಇಡೀ ರಾಶಿ ಕೆಟ್ಟ ಹಾಗೆ. ಹಾಗಾಗಿ ಮಂಟಪಕ್ಕೆ ಹಸಿರು ಬಣ್ಣ ಕೊಡುವುದಕ್ಕಿಂತ, ಅಡುಗೆ ಕಂಟ್ರಾಕ್ಟರ ಜೊತೆ ಮಾಡಿಕೊಳ್ಳುವ ಮಾತೇ ಮುಖ್ಯ.

ಕಲ್ಯಾಣ ಮಂಟಪದಲ್ಲಿ ಒಂದು ಪಂಕ್ತಿ ಏಳುವ ಹೊತ್ತನ್ನು ನೋಡಿ. ಮೇಜಿನುದ್ದಕ್ಕೂ ಹಾಸಿದ ರೋಲ್, ಅದರ ಮೇಲೆ ಬಾಳೆಲೆ, ಪಕ್ಕದಲ್ಲಿ ಅರ್ಧ ಕುಡಿದಿಟ್ಟ ಪುಟ್ಟ ನೀರಿನ ಬಾಟಲಿ, ಪಾಯಸದ ಕಾಗದದ ಕಪ್ಪು, ಐಸ್‌ಕ್ರೀಮ್ ಕಪ್ಪು, ಅದರ ಚಮಚ, ಬೀಡಾಕ್ಕೆ ಚುಚ್ಚಿದ್ದ ಕಡ್ಡಿ. ಜನ ಎದ್ದ ಕೂಡಲೇ ಒಬ್ಬರು ಈ ತುದಿಯಿಂದ ರೋಲನ್ನು ಚಾಪೆ ಸುತ್ತುವ ಹಾಗೆ ಸುತ್ತುತ್ತ ಹೋಗುತ್ತಾರೆ. ಆ ತುದಿ ಮುಟ್ಟುವಷ್ಟರಲ್ಲಿ ಎಲ್ಲವೂ ಒಂದೇ ಉಂಡೆ. ಉಂಡೆ ಚೀಲಕ್ಕೆ ಬೀಳುತ್ತದೆ, ಮುಂದಿನ ಪಂಕ್ತಿ ಕೂರುತ್ತದೆ. ರೋಲ್ ಕಾಗದದ್ದೇ ಎಂದು ಸಮಾಧಾನ ಪಡುವಂತಿಲ್ಲ; ಎಷ್ಟೋ ರೋಲ್‌ಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಲೇಪ ಇರುತ್ತದೆ. ಸಾಮಾನ್ಯ ಕಾಗದದ ಕಪ್ಪಿನ ಒಳಮೈಗೂ ಪಾಲಿಥೀನ್ ಪದರ ಇರುತ್ತದೆ, ಇಲ್ಲದಿದ್ದರೆ ಅದರಲ್ಲಿ ಪಾಯಸ ನಿಲ್ಲುವುದೇ ಇಲ್ಲ. ಈ ಉಂಡೆಯನ್ನು ಬಿಡಿಸಿ ವಿಂಗಡಿಸುವ ಕೆಲಸ ಕೊನೆಗೆ ಬೀಳುವುದು ಪೌರಕಾರ್ಮಿಕರ ಬರಿಗೈಗೆ. ಆ ಕೈಗಳ ಮೇಲೆ ನಮ್ಮ ಎಂಜಲು ಹೊರಿಸುವುದು ಶುಭಕಾರ್ಯಕ್ಕೆ ಒಪ್ಪುವ ಮಾತಲ್ಲ.

ಕಾನೂನೂ ಇದೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಅಧಿಸೂಚನೆ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಬ್ಯಾನರ್‌ಗಳ ಜೊತೆಗೆ ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ಹೆಸರಿಸಿಯೇ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂತು. ಅಲಂಕಾರದ ಥರ್ಮಾಕೋಲ್, ಸಿಹಿ ಡಬ್ಬಿ ಮತ್ತು ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆ ಎರಡೂ ಆ ಪಟ್ಟಿಯಲ್ಲಿವೆ.

ದಾರಿ ಸರಳ. ಗ್ರಾನೈಟ್ ಅಥವಾ ಸ್ಟೀಲ್ ಮೇಜಾದರೆ ರೋಲ್ ಬೇಡವೇ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಲೆ ಹಾಕಿದರೆ ಸಾಕು. ಹಾಸಲೇಬೇಕೆಂದರೆ ಲೇಪವಿಲ್ಲದ ಕಾಗದ ತರಿಸಿ. ಪರೀಕ್ಷೆಗೆ ಒಂದು ತುಂಡನ್ನು ನೀರಲ್ಲಿ ಚೆನ್ನಾಗಿ ನೆನೆಸಿ ಹರಿಯಿರಿ, ಪೊರೆಯಂಥದ್ದು ಜಗ್ಗಿದರೆ ಅದು ಪ್ಲಾಸ್ಟಿಕ್. ಪಾಯಸವನ್ನು ಎಲೆಗೇ ಬಡಿಸಬಹುದು, ಇಲ್ಲವೇ ಎಲೆಯ ದೊನ್ನೆಯಲ್ಲಿ ಕೊಡಬಹುದು. ತೆಗೆಯುವ ಕ್ರಮ ಹೀಗಿರಲಿ: ಮೊದಲು ಲೋಟ, ಚಮಚ, ಆಮೇಲೆ ಎಲೆ ಮಡಚಿ ಬಕೆಟ್ಟಿಗೆ, ಕೊನೆಗೆ ಒರೆಸುವುದು. ಸಾಲಿಗೆ ಇಬ್ಬರು ಬೇಕು, ಪಂಕ್ತಿಗೆ ಕೆಲವು ನಿಮಿಷ ಹೆಚ್ಚು ಹಿಡಿಯುತ್ತದೆ. ಇದನ್ನು ಮುಂಗಡ ಕೊಡುವ ದಿನವೇ ಮಾತಾಡಿ ಬರೆಸಿಕೊಳ್ಳಬೇಕು. ಮದುವೆ ದಿನ ಹೇಳಿದರೆ ಯಾರೂ ಕೇಳುವುದಿಲ್ಲ. ಮೂರನೆಯ ಪಂಕ್ತಿಯವರು ಆಗಲೇ ಕುರ್ಚಿಯ ಹಿಂದೆ ಬಂದು ನಿಂತಿರುತ್ತಾರೆ.

ನೀರಿನ ಲೆಕ್ಕ: ಒಂದು ಊಟಕ್ಕೆ ತಲಾ ಅರ್ಧ ಲೀಟರ್ ಹಿಡಿದರೆ 20 ಲೀಟರಿನ ಒಂದು ಕ್ಯಾನು 40 ಜನಕ್ಕೆ. ಐನೂರು ಜನಕ್ಕೆ 13 ಕ್ಯಾನು, ಬೇಸಿಗೆಯಾದರೆ ಇನ್ನು ನಾಲ್ಕೈದು. ಲೋಟ ಐನೂರು ಬೇಕಿಲ್ಲ. ಪಂಕ್ತಿಗೆ 170 ಜನ ಕೂರುವುದಾದರೆ ಎರಡು ಪಂಕ್ತಿಗಾಗುವ 350 ಲೋಟ ಇದ್ದರೆ ಒಂದು ಕಂತು ತೊಳೆಯುವಷ್ಟರಲ್ಲಿ ಇನ್ನೊಂದು ಮೇಜಿನ ಮೇಲಿರುತ್ತದೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯ ಪ್ಲೇಟ್ ಬ್ಯಾಂಕ್‌ನಂಥ ಕಡೆ ಸ್ಟೀಲ್ ತಟ್ಟೆ, ಲೋಟ ಬಳಸಿ ಹಿಂದಿರುಗಿಸಲು ಸಿಗುತ್ತವೆ; ಬೇರೆ ಊರುಗಳಲ್ಲಿ ಶಾಮಿಯಾನದವರು, ಪಾತ್ರೆ ಬಾಡಿಗೆಯವರು ಇದ್ದಾರೆ. ಏರ್ಪಾಟು ಕುಸಿಯುವುದು ಸಾಮಾನ್ಯವಾಗಿ ತೊಳೆಯುವ ಜಾಗದಲ್ಲಿ. ನಲ್ಲಿ ಎಲ್ಲಿದೆ, ನೀರು ಎಲ್ಲಿಗೆ ಹರಿಯುತ್ತದೆ ಎಂದು ಮೊದಲೇ ನೋಡದಿದ್ದರೆ ಮಧ್ಯಾಹ್ನ ಒಂದೂವರೆ ಹೊತ್ತಿಗೆ ಯಾರೋ ಓಡಿಹೋಗಿ ಕಾಗದದ ಕಪ್ಪು ತಂದುಬಿಡುತ್ತಾರೆ. ಸ್ಟೀಲ್ ಚಮಚಗಳು ಎಲೆಯ ಜೊತೆ ಮಡಚಿಹೋಗುತ್ತವೆ, ಪಂಕ್ತಿ ಪಂಕ್ತಿಗೂ ಎಣಿಸಿ.

ಊಟ ಮಿಗದಂತೆ ನೋಡಿಕೊಳ್ಳುವುದು ಭಟ್ಟರ ಕೈಯಲ್ಲಿದೆ. ಬಹಳ ಪದಾರ್ಥಗಳಿರುವ ಊಟಕ್ಕೆ ಒಂದು ಕಿಲೋ ಅಕ್ಕಿ ಎಂಟರಿಂದ ಹತ್ತು ಜನಕ್ಕೆ ಸಾಕು. ಐನೂರು ಜನಕ್ಕೆ 50–60 ಕಿಲೋ ಎಂದಿಟ್ಟುಕೊಂಡರೆ ಕೊನೆಯ 10 ಕಿಲೋ ಅಕ್ಕಿಯನ್ನು ಒಲೆಗೇರಿಸದೆ ಇಟ್ಟುಕೊಳ್ಳಲಿ. ಕೊನೆಯ ಪಂಕ್ತಿಯ ತಲೆ ಎಣಿಸಿದ ಮೇಲೆ ಬೇಯಿಸಿದರೂ ಅರ್ಧ ಗಂಟೆಯೊಳಗೆ ಅನ್ನ ಸಿದ್ಧ. ಆದರೂ ಮಿಕ್ಕಿದ್ದನ್ನು ಆಶ್ರಮಕ್ಕೋ ಹಾಸ್ಟೆಲ್ಲಿಗೋ ಕೊಡುವುದಾದರೆ, ಬಡಿಸುವ ಬಕೆಟ್ಟಿನಲ್ಲಿದ್ದದ್ದನ್ನು ಬಿಟ್ಟು, ಪಾತ್ರೆಯಲ್ಲಿ ಬಿಸಿಯಾಗಿ ಮುಚ್ಚಿಟ್ಟಿದ್ದನ್ನು ಮಾತ್ರ, ಎರಡು ಗಂಟೆಯೊಳಗೆ ತಲುಪಿಸಬೇಕು. ಕಾಯಿಚಟ್ನಿ, ಕೋಸಂಬರಿ, ಮಜ್ಜಿಗೆಹುಳಿ ಬೇಗ ಹಳಸುತ್ತವೆ, ಕೊಡಲೇಬಾರದು. ಕೊಡುವುದು ಸಂಜೆಯ ಮಾತಲ್ಲ, ತೆಗೆದುಕೊಳ್ಳುವವರ ಜೊತೆ ಹಿಂದಿನ ದಿನವೇ ಮಾತಾಡಿರಬೇಕು.

ಮಿಕ್ಕ ಅನ್ನವನ್ನು ಹಸುಗಳಿಗೆ ಸುರಿಯುವ ರೂಢಿ ಬಹಳ ಕಡೆ ಇದೆ, ಪುಣ್ಯವೆಂದೇ ಮಾಡುತ್ತಾರೆ. ಬೇಯಿಸಿದ ಅನ್ನವನ್ನು ಹಸು ಒಮ್ಮೆಲೇ ಹೆಚ್ಚು ತಿಂದರೆ ಮೇವಿನ ಹೊಟ್ಟೆಯಲ್ಲಿ ಆಮ್ಲ ಏರಿ ಹೊಟ್ಟೆಯುಬ್ಬರ ಬರುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ. ಬಾಳೆಲೆ, ತರಕಾರಿ ಸಿಪ್ಪೆಯನ್ನು ಗೋಶಾಲೆಗೆ ಕಳಿಸಬಹುದು, ಅದೂ ಬೀಡಾ ಕಡ್ಡಿ, ರಬ್ಬರ್ ಬ್ಯಾಂಡ್ ಇಲ್ಲದಂತೆ ಆರಿಸಿ. ಅನ್ನ ಗೊಬ್ಬರದ ಗುಂಡಿಗೆ ಹೋಗಲಿ. ಗುಂಡಿಗೆ ಹಾಕುವಾಗ ಸಾರಿನ ನೀರು ಬಸಿದು, ಎಲೆಯನ್ನು ಗೇಣುದ್ದ ಕತ್ತರಿಸಿ, ಹಸಿಯಷ್ಟೇ ಪ್ರಮಾಣದ ತರಗೆಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಬೆರೆಸಬೇಕು. ಬರೀ ಹಸಿಯನ್ನೇ ತುಂಬಿದರೆ ಗಾಳಿಯಾಡದೆ ಕೊಳೆತು ನಾರುತ್ತದೆ.

ಅಲಂಕಾರದಲ್ಲಿ ಕಣ್ಣಿಗೆ ಬೀಳದ ಎರಡು ಕಳ್ಳರು: ಹೂಗುಚ್ಛದ ಬುಡದಲ್ಲಿರುವ ಹಸಿರು ಸ್ಪಂಜು ಮತ್ತು ನೈಲಾನ್ ದಾರ. ಸ್ಪಂಜು ಕೂಡ ಪ್ಲಾಸ್ಟಿಕ್ಕೇ, ಮುಟ್ಟಿದರೆ ಪುಡಿಯಾಗಿ ಮಣ್ಣಿಗೆ ಬೆರೆಯುತ್ತದೆ, ಕರಗುವುದಿಲ್ಲ. ನೈಲಾನ್ ದಾರದಲ್ಲಿ ಕಟ್ಟಿದ ಹಾರ ಗೊಬ್ಬರ ಘಟಕದ ಯಂತ್ರಕ್ಕೆ ಸುತ್ತಿಕೊಂಡು ಅದನ್ನೇ ನಿಲ್ಲಿಸುತ್ತದೆ. ಬಾಳೆನಾರಲ್ಲೋ ಹತ್ತಿ ದಾರದಲ್ಲೋ ಕಟ್ಟಿಕೊಡಿ ಎಂದರೆ ಹೂವಿನವರು ಕಟ್ಟಿಕೊಡುತ್ತಾರೆ. ಬಾಳೆಕಂದು, ಮಾವಿನ ತೋರಣ, ತೆಂಗಿನ ಗರಿಯ ಚಪ್ಪರಕ್ಕೆ ಸಾಟಿಯಾದ ಅಲಂಕಾರ ಇನ್ನೂ ಬಂದಿಲ್ಲ. ಅಕ್ಷತೆಯನ್ನು ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಹಂಚುವ ಬದಲು ಬಟ್ಟಲಲ್ಲಿ ಇಟ್ಟು ಸಾಲಿನಲ್ಲಿ ದಾಟಿಸಿದರೆ ನೂರಾರು ಕವರು ಉಳಿಯುತ್ತವೆ.

ತಾಂಬೂಲದ ಚೀಲದಲ್ಲಿ ಮೋಸಹೋಗುವವರು ಹೆಚ್ಚು. ಬಟ್ಟೆಯಂತೆ ಕಾಣುವ ‘ನಾನ್‌ವೋವನ್’ ಚೀಲ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. 60 ಜಿಎಸ್‌ಎಂಗಿಂತ (ಚದರ ಮೀಟರಿಗೆ 60 ಗ್ರಾಂ ತೂಕಕ್ಕಿಂತ) ತೆಳುವಾದದ್ದಕ್ಕೆ 2021ರಿಂದಲೇ ನಿಷೇಧವಿದೆ. ಅನುಮಾನವಿದ್ದರೆ ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಬೆಂಕಿಗೆ ಒಡ್ಡಿ: ಹತ್ತಿ ಉರಿದು ಬೂದಿಯಾಗುತ್ತದೆ, ಇದು ಕರಗಿ ಗಟ್ಟಿ ಮಣಿಯಾಗುತ್ತದೆ. ಹಳೆಯ ಹತ್ತಿ ಸೀರೆಯಲ್ಲಿ ಕಾಯಿ, ವೀಳ್ಯದೆಲೆ ಹಿಡಿಸುವಷ್ಟು ದೊಡ್ಡ ಚೀಲ ಹದಿನೈದಾದರೂ ಆಗುತ್ತವೆ. ಮನೆಗೊಂದರಂತೆ 200 ಚೀಲಕ್ಕೆ 14 ಸೀರೆ. ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಹೊಲಿಗೆ ಕೊಟ್ಟರೆ ಅವರಿಗೂ ನಾಲ್ಕು ಕಾಸು. ಹೊಸ ಹತ್ತಿಯ ಚೀಲವೂ ಪುಕ್ಕಟೆ ಬರುವುದಿಲ್ಲ, ಅದರ ಹಿಂದೆ ಹತ್ತಿ ಬೆಳೆಗೆ ಸುರಿದ ನೀರೂ ಕೀಟನಾಶಕವೂ ಇವೆ; ಚೀಲ ಮತ್ತೆ ಮತ್ತೆ ಬಳಕೆಯಾಗಬೇಕು. ಆದ್ದರಿಂದ ವಧುವರರ ಫೋಟೊ ಅಚ್ಚು ಹಾಕಿಸಬೇಡಿ. ಬೇರೆಯವರ ಮುಖವಿರುವ ಚೀಲ ಹಿಡಿದು ಸಂತೆಗೆ ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ.

ಕಸದ ಬುಟ್ಟಿಗಳನ್ನು ಒಂಟಿಯಾಗಿ ಇಡಬೇಡಿ. ಹಸಿ, ಒಣ, ರಿಜೆಕ್ಟ್ (ಗೊಬ್ಬರಕ್ಕೂ ಮರುಬಳಕೆಗೂ ಬಾರದ್ದು) ಮೂರೂ ಒಟ್ಟಿಗೇ, ಮುಚ್ಚಳವಿಲ್ಲದೆ ಇರಲಿ. ಕೈತೊಳೆಯುವ ಜಾಗದಲ್ಲಿ ಇಂಥ ಮೂರು ಬುಟ್ಟಿ, ಅಡುಗೆಮನೆಯಲ್ಲಿ ಮೂರು. ಪಕ್ಕದಲ್ಲಿ ಒಬ್ಬರು ನಿಂತಿರಬೇಕು, ಅವರಿಗೆ ಕೈಗವಸು, ಕೂಲಿ, ಊಟ ಮೂರೂ ಲೆಕ್ಕದಲ್ಲಿರಬೇಕು. ವಧುವಿನ ಕೋಣೆಯ ಸ್ಯಾನಿಟರಿ ಪ್ಯಾಡು, ಮಕ್ಕಳ ಡಯಾಪರು ಪತ್ರಿಕೆಯಲ್ಲಿ ಸುತ್ತಿ ಬೇರೆಯಾಗಿ ಹೋಗಲಿ. ಬೆಂಗಳೂರಿನಲ್ಲಿ ಹಸಿರು ದಳದಂಥ ಸಂಸ್ಥೆಗಳು ಸಮಾರಂಭದ ಕಸದ ಕೆಲಸ ಬಲ್ಲವು. ಬೇರೆಡೆ ಪಂಚಾಯಿತಿ ಅಥವಾ ನಗರಸಭೆಯವರಿಗೆ ಮುಂಚಿತವಾಗಿ ತಿಳಿಸಿ. ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭವನ್ನು ಪರವಾನಗಿ ಇಲ್ಲದ ಜಾಗದಲ್ಲಿ ಮಾಡುವುದಾದರೆ ಮೂರು ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು.

ಇನ್ನು ಉಡುಗೊರೆ. ಮುಯ್ಯಿಯ ಪದ್ಧತಿಯಲ್ಲಿ ಹೊಳೆಯುವ ಹಾಳೆಗೆ ಜಾಗವಿರಲಿಲ್ಲ. ಕೈಗೆ ಹಣ, ಪುಸ್ತಕದಲ್ಲಿ ಹೆಸರು, ಕೊಟ್ಟವರ ಮನೆಯ ಮದುವೆಗೆ ವಾಪಸು. ಬೊಕೆ ಬೇಡವೆಂದು ಪತ್ರಿಕೆಯಲ್ಲೇ ಅಚ್ಚು ಮಾಡಿಸಿ. ಕರ್ನಾಟಕ ಸರ್ಕಾರವೇ 2021ರ ಆಗಸ್ಟ್‌ನಲ್ಲಿ ತನ್ನ ಸಮಾರಂಭಗಳಿಗೆ ಹಾರ, ಹೂಗುಚ್ಛ, ಶಾಲು ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂದು ಸೂಚಿಸಿತ್ತು. ಬಂದವರಿಗೆ ಸಸಿ ಕೊಡುವವರು ತಿಂಗಳು ನೋಡಿ ಕೊಡಿ. ಮದುವೆಗಳು ಹೆಚ್ಚು ನಡೆಯುವ ಏಪ್ರಿಲ್, ಮೇನಲ್ಲಿ ಕಪ್ಪು ಪಾಲಿಥೀನ್ ಕವರಿನ ಸಸಿ ಬಸ್ಸಿನ ಬಿಸಿಲಿಗೇ ಬಾಡುತ್ತದೆ. ಅಪಾರ್ಟ್‌ಮೆಂಟಿನವರಿಗೆ ಹಲಸಿನ ಸಸಿ ಕೊಟ್ಟರೆ ನೆಡಲು ಜಾಗವೆಲ್ಲಿ? ಆ ತಿಂಗಳುಗಳಲ್ಲಿ ಅವರೆ, ಬೆಂಡೆ, ಹೀರೆಯ ನಾಟಿ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟರೆ ಮಳೆ ಹಿಡಿಯುವವರೆಗೆ ಡಬ್ಬಿಯಲ್ಲಿ ಕ್ಷೇಮವಾಗಿರುತ್ತದೆ. ಪೊಟ್ಟಣದ ಮೇಲೆ ಬೀಜದ ಹೆಸರು, ಬಿತ್ತುವ ತಿಂಗಳು, ಎಷ್ಟು ಆಳಕ್ಕೆ ಊರಬೇಕು ಎಂಬುದನ್ನು ಬರೆಸಿ.