ಉಬ್ಬಿದ್ದರೆ ಉಜ್ಜಿ, ಕುಳಿಯಾಗಿದ್ದರೆ ನಿಲ್ಲಿ

ಪ್ರಶ್ನೆ: ನಮ್ಮ ಫೈಬರ್ ದೋಣಿಯ ಹೊರಮೈಗೆ ಸ್ಪ್ರೇ ಗನ್‌ನಲ್ಲಿ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಸಿದೆವು. ದೂರಕ್ಕೆ ಚೆಂದ, ಹತ್ತಿರ ಹೋದರೆ ಕಿತ್ತಳೆ ಸಿಪ್ಪೆಯಂತೆ ತರಿತರಿ. ಎರಡು ಕಡೆ ಬಣ್ಣ ಸೋರಿ ಇಳಿದಿದೆ, ಒಂದು ಕಡೆ ಸಣ್ಣ ಕುಳಿಗಳಿವೆ. ಎಲ್ಲವನ್ನೂ ಕೆರೆದು ಮತ್ತೆ ಹೊಡೆಸಬೇಕೇ?

ಬೇಡ. ಕುಳಿ ಬಿದ್ದ ಜಾಗವೊಂದನ್ನು ಬಿಟ್ಟರೆ ಉಳಿದದ್ದು ಉಜ್ಜಿದರೆ ಹೋಗುವಂಥದ್ದು. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ. ಉಬ್ಬಾಗಿ ಸಿಗುವಲ್ಲಿ ಬಣ್ಣ ಹೆಚ್ಚಾಗಿದೆ, ಹೆಚ್ಚಾದದ್ದನ್ನು ತೆಗೆಯಬಹುದು. ತಗ್ಗಾಗಿ ಸಿಗುವಲ್ಲಿ ಬಣ್ಣವೇ ಇಲ್ಲ. ಅಲ್ಲಿ ಉಜ್ಜುತ್ತಾ ಹೋದರೆ ಅಡಿಯಲ್ಲಿ ಬಳಿದ ಪ್ರೈಮರ್ ಹೊರಬರುತ್ತದೆ, ಅಷ್ಟೆ.

ಆದರೆ ಮೊದಲು ಡಬ್ಬಿಯನ್ನು ಹುಡುಕಿ. ದೋಣಿಯ ಪಿಯು ಬಣ್ಣಗಳಲ್ಲಿ ಎರಡು ಜಾತಿ. ಆಲ್‌ಕ್ರಾಫ್ಟ್ 2000ದಂಥ ಅಕ್ರಿಲಿಕ್ ಬಣ್ಣವನ್ನು ಉಜ್ಜಿ ಮತ್ತೆ ಹೊಳಪು ತರಿಸಬಹುದು. ಆಲ್‌ಗ್ರಿಪ್‌ನಂಥ ಪಾಲಿಯೆಸ್ಟರ್ ಬಣ್ಣದ ಹೊಳಪೆಲ್ಲ ಮೇಲಿನ ಪದರದಲ್ಲೇ ಇರುತ್ತದೆ. ಅದನ್ನು ಉಜ್ಜಿದರೆ ಆ ಭಾಗಕ್ಕೆ ಮತ್ತೆ ಬಣ್ಣ ಹೊಡೆಯಲೇಬೇಕು. ಇದನ್ನು ಕೇಳದೆ ಉಜ್ಜುಕಾಗದ ಹಿಡಿಯುವವರೇ ಹೆಚ್ಚು.

ಇನ್ನು ಕಾಯುವ ಮಾತು. ಮುಟ್ಟಿದರೆ ಅಂಟದ ಬಣ್ಣವೆಲ್ಲ ಗಟ್ಟಿಯಾದ ಬಣ್ಣವಲ್ಲ. ಕಾಣದ ಮೂಲೆಯಲ್ಲಿ ಹೆಬ್ಬೆರಳಿನ ಉಗುರು ಒತ್ತಿ. ಗುರುತು ಉಳಿದರೆ ಇನ್ನೂ ಕೆಲವು ದಿನ ಬಿಡಿ. ಇಳಿದ ಹನಿ ಮೇಲೆ ಒಣಗಿದ್ದರೂ ಒಳಗೆ ಮೆತ್ತಗಿರುತ್ತದೆ. ಅವಸರಪಟ್ಟು ಉಜ್ಜಿದರೆ ಕಿತ್ತುಕೊಂಡು ಬಂದು, ಉಬ್ಬಿದ್ದ ಜಾಗ ಕುಳಿಯಾಗುತ್ತದೆ.

ಹನಿಯ ಸುತ್ತ ಟೇಪ್ ಅಂಟಿಸಿ. ಬೆಂಕಿಪೆಟ್ಟಿಗೆಯಷ್ಟು ಮರದ ತುಂಡಿಗೆ 600ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಕಾಗದ; ಸಂಖ್ಯೆ ಏರಿದಷ್ಟೂ ನಯ) ಸುತ್ತಿ, ಸಾಬೂನು ನೀರು ಹಾಕಿ, ಹನಿಯ ನೆತ್ತಿಯನ್ನಷ್ಟೇ ಉಜ್ಜಿ. ಬೆರಳಿನಿಂದ ನೇರವಾಗಿ ಒತ್ತಬಾರದು. ಬೆರಳು ತಗ್ಗಿಗೂ ಇಳಿಯುತ್ತದೆ, ಮರ ಇಳಿಯುವುದಿಲ್ಲ. ಸುತ್ತಲಿನ ಮಟ್ಟಕ್ಕೆ ಬಂದ ಮೇಲೆ ಟೇಪ್ ಕಿತ್ತು 1000, 1500, 2000ರ ಕಾಗದಗಳಲ್ಲಿ ಕ್ರಮವಾಗಿ ಉಜ್ಜಿ, ಕೊನೆಗೆ ಹೊಳಪು ತರುವ ರಬ್ಬಿಂಗ್ ಕಾಂಪೌಂಡ್.

ಕಿತ್ತಳೆ ಸಿಪ್ಪೆಗೆ 600 ಬೇಡ, 1000ದಿಂದಲೇ ಶುರುಮಾಡಿ. ಉಜ್ಜಿ ನೀರು ಒರೆಸಿದಾಗ ಮಂಕಾದ ಮೈಯಲ್ಲಿ ಅಲ್ಲಲ್ಲಿ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅವೇ ಕಾಗದ ತಾಗದ ತಗ್ಗುಗಳು. ಚುಕ್ಕೆಗಳು ಮಾಯವಾದ ಕ್ಷಣ ಕೈ ನಿಲ್ಲಿಸಿ. ಒಂದು ಕೋಟ್ ಒಣಗಿದ ಮೇಲೆ ಸುಮಾರು 50 ಮೈಕ್ರಾನ್ ಇರುತ್ತದೆ; ಎರಡು ಕೋಟ್ ಸೇರಿದರೂ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಅಂಚುಗಳಲ್ಲಿ ಅಷ್ಟೂ ಇರುವುದಿಲ್ಲ, ಅಲ್ಲಿಗೆ ಉಜ್ಜುವ ಯಂತ್ರ ಒಯ್ಯಬೇಡಿ.

ಕುಳಿಗಳಿಗೆ ಬಣ್ಣದವರು ಮೀನಿನ ಕಣ್ಣು ಎನ್ನುತ್ತಾರೆ. ಮೀನೆಣ್ಣೆ, ಡೀಸೆಲ್, ಪಾಲಿಶ್‌ನಲ್ಲಿರುವ ಸಿಲಿಕೋನ್ ಇವುಗಳ ಜಿಡ್ಡು ಉಳಿದಲ್ಲಿ ಬಣ್ಣ ಹಿಂದೆ ಸರಿದು ದುಂಡನೆಯ ಗುಳಿಯಾಗುತ್ತದೆ. ಆ ಭಾಗಕ್ಕೆ ಹೊಸ ಬಣ್ಣವೇ ಗತಿ. ಮೊದಲು ಥಿನ್ನರ್ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಒಣ ಬಟ್ಟೆಯಿಂದ ಜಿಡ್ಡೆತ್ತಿ; ಆಮೇಲೆ 400ರ ಕಾಗದ. ಕ್ರಮ ತಲೆಕೆಳಗಾದರೆ ಜಿಡ್ಡನ್ನು ನೀವೇ ಒಳಗೆ ತಿಕ್ಕಿದಂತೆ.

ಮರುಬಣ್ಣಕ್ಕೆ ದಿನ ನೋಡುವುದೇ ನಮ್ಮ ಕಷ್ಟ. ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ದಡ ಸೇರುವುದು ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ, ಅಂದರೆ ಮಳೆ ಹಿಡಿದು ಸುರಿಯುವಾಗ. ಬಣ್ಣ ಗಟ್ಟಿಯಾಗಲೆಂದು ಬೆರೆಸುವ ಪಿಯು ಹಾರ್ಡನರ್‌ಗೆ ತೇವ ಸೋಕಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಗುಳ್ಳೆ ಏಳುತ್ತದೆ, ಹೊಳಪು ಸಾಯುತ್ತದೆ. ದೋಣಿಯ ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಟಾರ್ಪಾಲಿನ ಕೆಳಗೆ ಮಳೆ ಬೀಳದಿದ್ದರೂ ತೇವ ಇದ್ದೇ ಇರುತ್ತದೆ.

ಗನ್ ಹಿಡಿಯುವವರ ಮೂಗಿಗೆ ಬೈರಾಸು ಸಾಲದು. ಆ ಹಾರ್ಡನರ್‌ನಲ್ಲಿರುವ ಐಸೊಸೈನೇಟ್ ಉಬ್ಬಸ ತರುವ ವಸ್ತು. ಹೊರಗಿನ ಗಾಳಿ ಒದಗಿಸುವ ಮಾಸ್ಕ್ ಇಲ್ಲದಿದ್ದರೆ ಆ ಭಾಗಕ್ಕೆ ಬ್ರಷ್‌ನಲ್ಲೇ ಬಳಿಸಿ.