ನೇನಾ ‘ಒಂದೇ ಹಾಡಿನ ಗಾಯಕಿ’ಯೇ? ಮತ್ತೊಮ್ಮೆ ಉತ್ತರ

ಪ್ರಶ್ನೆ: ಬಲೂನಿನ ಹಾಡು (‘99 ಲುಫ್ಟ್‌ಬಲೋನ್ಸ್’) ಹಾಡಿದ ಜರ್ಮನ್ ಗಾಯಕಿ ನೇನಾ ಆಮೇಲೆ ಎಲ್ಲಿ ಹೋದರು? ಒಂದೇ ಹಾಡಿಗೆ ಅವರ ಕಥೆ ಮುಗಿಯಿತಂತೆ, ನಿಜವೇ?

ಎಲ್ಲಿಗೂ ಹೋಗಲಿಲ್ಲ. ಎಂಬತ್ತರ ದಶಕದ ಯುರೋಪಿನ ಸಂಗೀತದ ಬಗ್ಗೆ ಏನು ಬರೆದರೂ ಈ ಪ್ರಶ್ನೆ ಬೆನ್ನಿಗೇ ಬರುತ್ತದೆ. ಎರಡು ಸಾಲಿನ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ತೋರಿಸುವುದು.

ಮೊದಲಿಗೆ, 1983ರಲ್ಲಿ ‘ನೇನಾ’ ಎಂಬುದು ಗಾಯಕಿಯ ಹೆಸರಷ್ಟೇ ಅಲ್ಲ, ಐದು ಜನರ ಬ್ಯಾಂಡಿನ ಹೆಸರೂ ಹೌದು. ಗಾಯಕಿಯ ನಿಜನಾಮ ಗಾಬ್ರಿಯೇಲೆ ಸುಸಾನೆ ಕೆರ್ನರ್. 1960ರಲ್ಲಿ ಪಶ್ಚಿಮ ಜರ್ಮನಿಯ ಹಾಗೆನ್‌ನಲ್ಲಿ ಹುಟ್ಟಿ, ಅಕ್ಕಸಾಲೆ ಕೆಲಸ ಕಲಿತು, ‘ದಿ ಸ್ಟ್ರೈಪ್ಸ್’ ಎಂಬ ತಂಡದಲ್ಲಿ ಇಂಗ್ಲಿಷ್ ಹಾಡುಗಳನ್ನು ಹಾಡಿದವರು. ಅದು ಕೈಹಿಡಿಯಲಿಲ್ಲ. ಡ್ರಮ್ಸ್ ಬಾರಿಸುತ್ತಿದ್ದ ರೋಲ್ಫ್ ಬ್ರೆಂಡೆಲ್ ಜೊತೆ ಪಶ್ಚಿಮ ಬರ್ಲಿನ್‌ಗೆ ಬಂದು ಹೊಸ ತಂಡ ಕಟ್ಟಿದರು. 1982ರ ಆಗಸ್ಟ್‌ನಲ್ಲಿ ‘ಮ್ಯೂಸಿಕ್‌ಲಾಡೆನ್’ ಎಂಬ ಟಿವಿ ಕಾರ್ಯಕ್ರಮದಲ್ಲಿ ಕೆಂಪು ಮಿನಿ ಸ್ಕರ್ಟ್ ತೊಟ್ಟು ‘ನೂರ್ ಗೆಟ್ರಾಯ್ಮ್ಟ್’ ಹಾಡಿದ್ದೇ ತಡ, ಅದು ಪಶ್ಚಿಮ ಜರ್ಮನಿಯ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಗಮನಿಸಿ, ಬಲೂನುಗಳು ಇನ್ನೂ ಬಂದಿರಲಿಲ್ಲ. ‘ಒಂದೇ ಹಾಡು’ ಎಂಬ ಮಾತು ಆ ಹಾಡಿಗಿಂತ ಮೊದಲೇ ಸುಳ್ಳಾಗಿತ್ತು.

ಬಲೂನಿನ ಕಥೆ ಹೀಗೆ. ಅದೇ 1982ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ಬ್ರಿಟಿಷ್ ರಾಕ್ ತಂಡದ ಸಂಗೀತ ಕಛೇರಿ. ನೇನಾ ತಂಡದ ಗಿಟಾರ್ ವಾದಕ ಕಾರ್ಲೊ ಕಾರ್ಗೆಸ್ ಪ್ರೇಕ್ಷಕರ ನಡುವೆ ಇದ್ದರು. ವೇದಿಕೆಯಿಂದ ಬಿಟ್ಟ ಬಲೂನುಗಳು ಗುಂಪಾಗಿ ಮೇಲೇರಿ, ಗಾಳಿಗೆ ಆಕಾರ ಬದಲಿಸುತ್ತಾ ದೂರ ಸರಿಯುತ್ತಿದ್ದವು. ಇವು ಬರ್ಲಿನ್ ಗೋಡೆ ದಾಟಿ ಆಚೆ ಪೂರ್ವಕ್ಕೆ ಹೋದರೆ ಅಲ್ಲಿನ ರಾಡಾರ್ ಮುಂದೆ ಕುಳಿತವನು ಏನೆಂದುಕೊಂಡಾನು ಎಂದು ಕಾರ್ಗೆಸ್ ಯೋಚಿಸಿದರು. ಅವರು ಸಾಹಿತ್ಯ ಬರೆದರು, ಕೀಬೋರ್ಡ್ ವಾದಕ ಊವೆ ಫಾರೆನ್‌ಕ್ರೋಗ್ ಪೀಟರ್ಸನ್ ಸಂಗೀತ ಹಾಕಿದರು. ಅಮೆರಿಕದ ಪರ್ಷಿಂಗ್ ಕ್ಷಿಪಣಿಗಳು ಪಶ್ಚಿಮ ಜರ್ಮನಿಗೆ ಬರಲಿವೆ ಎಂದು ಜನ ಬೀದಿಗಿಳಿದಿದ್ದ ಕಾಲ. ತೊಂಬತ್ತೊಂಬತ್ತು ಬಲೂನುಗಳನ್ನು ಶತ್ರುವೆಂದು ಭ್ರಮಿಸಿ ಜಗತ್ತನ್ನೇ ಸುಟ್ಟುಕೊಳ್ಳುವ ಕಥೆಯನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಇದನ್ನು ಹುಟ್ಟುಹಬ್ಬದ ಹಾಡೆಂದು ತಿಳಿದು ಕುಣಿಯುವವರಿಗೆ ನಾನೇನು ಹೇಳಲಿ?

1984ರ ಮಾರ್ಚ್‌ನಲ್ಲಿ ಈ ಹಾಡು, ಅದೂ ಜರ್ಮನ್ ಭಾಷೆಯಲ್ಲೇ, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನ ತಲುಪಿತು. ಮೇಲೆ ಕುಳಿತಿದ್ದದ್ದು ವ್ಯಾನ್ ಹೇಲೆನ್ ತಂಡದ ‘ಜಂಪ್’. ಬ್ರಿಟನ್‌ನಲ್ಲಿ ಕೆವಿನ್ ಮೆಕೇಲಿಯಾ ಬರೆದ ಇಂಗ್ಲಿಷ್ ಆವೃತ್ತಿ ಒಂದನೆಯ ಸ್ಥಾನಕ್ಕೇರಿತು; ಅದರ ಸಾಹಿತ್ಯ ತಂಡದವರಿಗೆ ರುಚಿಸಲಿಲ್ಲ. ಬ್ರಿಟಿಷ್ ಪತ್ರಿಕೆಗಳಿಗಂತೂ ಹಾಡಿಗಿಂತ ಗಾಯಕಿಯ ಕಂಕುಳ ಕೂದಲೇ ದೊಡ್ಡ ಸುದ್ದಿಯಾಯಿತು. ಅಣುಯುದ್ಧದ ಬಗ್ಗೆ ಹಾಡಿದವರ ಕಂಕುಳು ನೋಡಿದ ಆ ಪತ್ರಿಕಾವೃತ್ತಿಯ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ಮುಂದಿನ ಇಂಗ್ಲಿಷ್ ಪ್ರಯತ್ನಗಳು ಎರಡೂ ದೇಶಗಳಲ್ಲಿ ನೆಲಕಚ್ಚಿದವು. ‘ಒಂದೇ ಹಾಡು’ ಎಂಬ ಪಟ್ಟ ಬಂದದ್ದು ಅಲ್ಲಿಂದ.

ಒಮ್ಮೆ ನಮ್ಮೂರ ಜಾತ್ರೆಗೆ ಬಂದ ನಾಟಕ ಕಂಪನಿ ಮರುವರ್ಷ ಬರಲಿಲ್ಲವೆಂದು ಕಂಪನಿಯೇ ಮುಚ್ಚಿತೆಂದು ಸಾರಿದಂತಾಯಿತು ಇದು. ಆಚೆ ಊರಿನಲ್ಲಿ ಕಂಪನಿ ಭರ್ಜರಿಯಾಗಿ ನಡೆದೇ ಇತ್ತು. ಜರ್ಮನಿಯಲ್ಲಿ ‘ಲಾಯ್ಶ್‌ಟುರ್ಮ್’ ಎಂಬ ಹಾಡು ಮೊದಲ ಹತ್ತರೊಳಗೆ ಬಂತು. 1984ರಲ್ಲಿ ‘ಇರ್ಗೆಂಡ್‌ವೀ, ಇರ್ಗೆಂಡ್‌ವೋ, ಇರ್ಗೆಂಡ್‌ವಾನ್’ ಮೂರನೆಯ ಸ್ಥಾನಕ್ಕೇರಿತು. ಮೊದಲ ಎರಡು ಆಲ್ಬಂಗಳೂ ಅಲ್ಲಿ ಒಂದನೆಯ ಸ್ಥಾನದಲ್ಲಿದ್ದವು.

1987ರಲ್ಲಿ ಬ್ಯಾಂಡ್ ಒಡೆದದ್ದು ನಿಜ. ಆ ವರ್ಷಗಳು ಮನೆಯಲ್ಲೂ ಕಠಿಣವಾಗಿದ್ದವು. ಚೊಚ್ಚಲ ಮಗು ವರ್ಷ ತುಂಬುವ ಮೊದಲೇ ತೀರಿಕೊಂಡಿತು. 1989ರಲ್ಲಿ ‘ವುಂಡರ್ ಗೆಶೇನ್’ ಹಾಡಿನೊಂದಿಗೆ ಅವರು ಒಬ್ಬಂಟಿಯಾಗಿ ವೇದಿಕೆಗೆ ಮರಳಿದರು. ತೊಂಬತ್ತರ ದಶಕದಲ್ಲಿ ಮಕ್ಕಳಿಗಾಗಿಯೂ ಹಾಡಿದರು. 2002ರಲ್ಲಿ ಹಳೆಯ ಹಾಡುಗಳನ್ನೇ ಹೊಸದಾಗಿ ಧ್ವನಿಮುದ್ರಿಸಿದಾಗ ಜರ್ಮನಿ ಮತ್ತೆ ಎದ್ದು ಕುಳಿತಿತು. 2003ರಲ್ಲಿ ಬ್ರಿಟನ್ನಿನ ಕಿಮ್ ವೈಲ್ಡ್ ಜೊತೆ ಹಾಡಿದ ಯುಗಳಗೀತೆ ನೆದರ್ಲೆಂಡ್ಸ್ ಮತ್ತು ಆಸ್ಟ್ರಿಯಾಗಳಲ್ಲಿ ಒಂದನೆಯ ಸ್ಥಾನಕ್ಕೇರಿತು. ‘ಲೀಬೆ ಇಸ್ಟ್’ 2005ರಲ್ಲಿ ಜರ್ಮನಿಯಲ್ಲೇ ಒಂದನೆಯ ಸ್ಥಾನ ಪಡೆಯಿತು. 1983ರ ಬಲೂನಿನ ಹಾಡಿಗೂ ಇದಕ್ಕೂ ನಡುವೆ ಇಪ್ಪತ್ತೆರಡು ವರ್ಷ! 2011ರಿಂದ 2013ರವರೆಗೆ ‘ದಿ ವಾಯ್ಸ್ ಆಫ್ ಜರ್ಮನಿ’ ಎಂಬ ಟಿವಿ ಗಾಯನ ಸ್ಪರ್ಧೆಯ ಕೆಂಪು ಕುರ್ಚಿಯಲ್ಲಿ ಕುಳಿತು ಹೊಸಬರನ್ನು ಆರಿಸಿದವರೂ ಇವರೇ. ಕಥೆ ಮುಗಿದವರನ್ನು ಯಾರೂ ಆ ಕುರ್ಚಿಯಲ್ಲಿ ಕೂರಿಸುವುದಿಲ್ಲ.

ಹಾಗೆಂದು ಅವರ ಮೇಲೆ ಹೂಮಳೆಯೇ ಸುರಿಯುತ್ತಿದೆ ಎಂದು ತಿಳಿಯಬೇಡಿ. 2021ರ ಜುಲೈನಲ್ಲಿ ಬರ್ಲಿನ್ ಬಳಿಯ ಶೋನೆಫೆಲ್ಡ್‌ನಲ್ಲಿ ಕೊರೊನಾ ನಿಯಮದಂತೆ ಪ್ರೇಕ್ಷಕರನ್ನು ಚೌಕಗಳಲ್ಲಿ ಬೇರೆ ಬೇರೆ ನಿಲ್ಲಿಸಿದ್ದರು. ನೇನಾ ವೇದಿಕೆಯಿಂದಲೇ ಆ ವ್ಯವಸ್ಥೆಯನ್ನು ಧಿಕ್ಕರಿಸಿ, ಚೌಕದಲ್ಲೇ ಇರಬೇಕೋ ಬೇಡವೋ ಎಂಬುದನ್ನು ಜನರಿಗೇ ಬಿಟ್ಟರು. ಕಛೇರಿಯನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಕೆಲವರಿಗೆ ಅವರು ಧೈರ್ಯವಂತೆ, ಹಲವರಿಗೆ ಬೇಜವಾಬ್ದಾರಿ. ನನ್ನ ಮಟ್ಟಿಗೆ ಎರಡನೆಯ ಗುಂಪಿನ ಮಾತೇ ಸರಿ. ಹಾಡು ಚೆನ್ನಾಗಿದ್ದ ಮಾತ್ರಕ್ಕೆ ಎಲ್ಲವನ್ನೂ ಒಪ್ಪಬೇಕಿಲ್ಲ.

ಇಷ್ಟು ಹೇಳಿದ ಮೇಲೆ, ಯಾರೂ ನೇರವಾಗಿ ಕೇಳದಿದ್ದರೂ ಹಲವರ ತಲೆಯಲ್ಲಿರುವ ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. ಜರ್ಮನಿಯ ಚಾನ್ಸೆಲರ್ ಆಗಿದ್ದ ಆಂಗೆಲಾ ಮರ್ಕೆಲ್ ಅವರಿಗೆ 2021ರ ಡಿಸೆಂಬರ್‌ನಲ್ಲಿ ಸೇನಾ ಗೌರವದ ಬೀಳ್ಕೊಡುಗೆ ಕೊಟ್ಟಾಗ ವಾದ್ಯವೃಂದ ನುಡಿಸಿದ್ದು ನೇನಾ ಹಾಡಲ್ಲ. ಅದು ನೀನಾ ಹಾಗೆನ್ 1974ರಲ್ಲಿ ಪೂರ್ವ ಜರ್ಮನಿಯಲ್ಲಿ ಹಾಡಿದ್ದು: ದ್ವೀಪ ಪ್ರವಾಸಕ್ಕೆ ಬಣ್ಣದ ಫಿಲ್ಮ್ ರೋಲ್ ತರಲು ಮರೆತ ಗೆಳೆಯನನ್ನು ತರಾಟೆಗೆ ತೆಗೆದುಕೊಳ್ಳುವ ಹಾಡು. ಪೂರ್ವ ಜರ್ಮನಿಯಲ್ಲೇ ಬೆಳೆದ ಮರ್ಕೆಲ್ ಅದನ್ನು ತಾವೇ ಆರಿಸಿಕೊಂಡಿದ್ದರು. ನೀನಾ ಹಾಗೆನ್ ಪೂರ್ವ ಬರ್ಲಿನ್‌ನವರು, 1976ರಲ್ಲಿ ಆ ದೇಶ ಬಿಟ್ಟು ಪಶ್ಚಿಮಕ್ಕೆ ಬಂದು ಪಂಕ್ ಎಂಬ ಒರಟು ರಾಕ್ ಶೈಲಿಯಲ್ಲಿ ಹಾಡಿದವರು. ನೇನಾ ಪಂಕ್ ಅಲ್ಲ, ಪೂರ್ವದವರೂ ಅಲ್ಲ. ‘ಹಾಗೆನ್’ ಅವರಿಗೆ ಹುಟ್ಟೂರು ಮಾತ್ರ. ಆದರೂ ಇಬ್ಬರ ನಡುವೆ ಒಂದು ನಿಜವಾದ ಕೊಂಡಿಯಿದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ನೀನಾ ಹಾಗೆನ್ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ರೈನ್‌ಹೋಲ್ಡ್ ಹೈಲ್ ಮತ್ತು ಮಾನ್‌ಫ್ರೆಡ್ ಪ್ರೇಕರ್ ಅವರೇ ಮುಂದೆ ಸ್ಟುಡಿಯೊದಲ್ಲಿ ಕುಳಿತು ಬಲೂನಿನ ಹಾಡನ್ನು ನಿರ್ಮಿಸಿದವರು.